ತಿಮ್ಮಕ್ಕನ ಓಟು

ಮೇ ೧೪, ೨೦೦೬

ನನ್ನ ಲೇಖನಕ್ಕೆ ಯಾರೋ ಕೈ ಹಾಕಿದ್ದಾರೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರ್ ಮುಂದೆ ಕೂತರೆ ‘ಕರ್ನಾಟಕ ಏಕೀಕರಣ’ ಎಂಬ ಪುಟ ನಿನ್ನೆಯದರ ಎರಡರಷ್ಟು ಉದ್ದವಾಗಿತ್ತು. ಅಂತರ್ಜಾಲದ ಈ ಕನ್ನಡ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಹೊಸಬರು ಬಂದಾಗ ಈ ಮಾತನ್ನು ಹೇಳಿಕೊಡುವವಳೇ ನಾನು. ಆದರೆ ಎರಡು ವರ್ಷದ ಹಿಂದೆ, ಕನ್ನಡ ಟೈಪ್ ಮಾಡಿದರೆ ಅರ್ಧ ಅಕ್ಷರ ಚೌಕಚೌಕವಾಗಿ ಕಾಣುತ್ತಿದ್ದ ಕಾಲದಲ್ಲಿ, ಆ ಪುಟದ ಮೊದಲ ಸಾಲು ಬರೆದವಳೂ ನಾನೇ. ‘ಇತಿಹಾಸ’ ಎಂಬಲ್ಲಿ ಒತ್ತಿದರೆ ಆ ಪುಟಕ್ಕೆ ಯಾರು ಯಾವಾಗ ಏನು ಸೇರಿಸಿದರು ಎಂಬುದೆಲ್ಲ ಬರುತ್ತದೆ. ತಳದಲ್ಲಿ, ಎಲ್ಲರಿಗಿಂತ ಮೊದಲು, ವಾರಿಜಾ ಎಂದಿದೆ. ಲೇಖನದ ಮೇಲಂತೂ ಯಾರ ಹೆಸರೂ ಇರುವುದಿಲ್ಲ. ಪುಕ್ಕಟೆ ದುಡಿಯುವ ನಮಗೆ ಸಿಗುವ ಕೀರ್ತಿ ಅದೊಂದೇ ಸಾಲು.

ಬಂದವಳ ಹೆಸರು ಮಧುಮತಿ. ಹುಬ್ಬಳ್ಳಿ, ಧಾರವಾಡ, ಗದಗ, ರಾಯಚೂರು ಎಂದು ಭಾಗದ ಮೇಲೆ ಭಾಗ ಸೇರಿಸಿದ್ದಾಳೆ. ಅಷ್ಟನ್ನೂ ತೆಗೆದು ಪುಟವನ್ನು ಮೊದಲಿನಂತೆ ಮಾಡಿದೆ. ಕಾರಣ ಬರೆಯುವ ಜಾಗದಲ್ಲಿ, ಯಾವಾಗಲೂ ಬರೆಯುವ ಹಾಗೆ, ‘ತಿದ್ದಿದ್ದೇನೆ, ಬೇಸರ ಬೇಡ’ ಎಂದು ಹಾಕಿದೆ. ಬೇಸರವಾಗಲಿ ಎಂದೇ ಹಾಕಿದ್ದು.

ಮೇ ೧೬

ಬೇಸರವಾಗಿಲ್ಲ. ಲೇಖನದ ಬಗ್ಗೆ ಮಾತಾಡಿಕೊಳ್ಳಲು ಇರುವ ಚರ್ಚೆ ಪುಟದಲ್ಲಿ ಬರೆದಿದ್ದಾಳೆ. “ಮೇಡಂ, ನಮಸ್ಕಾರ್ರಿ. ಲೇಖನ ಭಾಳ ಚಲೋ ಐತಿ. ಆದ್ರ ನಮ್ಮ ಕಡೆ ಏನಾತು ಅನ್ನೂದು ಎರಡ ಸಾಲಿನ್ಯಾಗ ಮುಗದೈತಿ. ನಾ ಬರದಿದ್ದು ತಪ್ಪಿದ್ರ ಹೇಳ್ರಿ, ತಿದ್ಕೋತೀನಿ.”

ತಪ್ಪು ಹುಡುಕಿದೆ. ಸಿಗಲಿಲ್ಲ. ಅದಕ್ಕೆ ಅವಳು ಬರೆದದ್ದನ್ನು ವಾಪಸು ಹಾಕಿ ಪ್ರತಿ ವಾಕ್ಯದ ಬಾಲಕ್ಕೂ ‘ಆಧಾರ ಬೇಕು’ ಎಂಬ ಚೀಟಿ ಅಂಟಿಸಿದೆ. ಇದು ನಿಯಮಬದ್ಧ. ಯಾವ ಪುಸ್ತಕ, ಯಾವ ಪತ್ರಿಕೆ, ಯಾವ ಪುಟ ಎಂದು ತೋರಿಸದ ಮಾತು ವಿಶ್ವಕೋಶದಲ್ಲಿ ಉಳಿಯುವಂತಿಲ್ಲ. ನನ್ನ ವಾಕ್ಯಗಳಿಗೂ ಅಷ್ಟು ಆಧಾರ ಕೊಟ್ಟಿಲ್ಲ ಅನ್ನುವುದು ಬೇರೆ ಮಾತು.

ನಮ್ಮ ಯಜಮಾನರು ರಾಮಪ್ರಸಾದ್ ಹಿಂದೆ ನಿಂತು ಓದುತ್ತಿದ್ದರು. ರಿಟೈರ್ ಆದಮೇಲೆ ಅವರಿಗೆ ಪೇಪರ್ ಓದುವುದು, ನನ್ನನ್ನು ರೇಗಿಸುವುದು ಎರಡೇ ಕೆಲಸ.

“ಅಲ್ವೇ, ನೀನು ಬರ್ದಿರೋದ್ರಲ್ಲಿ ಮೈಸೂರು, ಬೆಂಗಳೂರು ಬಿಟ್ರೆ ಇನ್ನೇನಿದೆ? ಏಕೀಕರಣ ಅಂದ್ರೆ ನಾವು ನಾವೇ ಒಂದಾಗಿದ್ದಾ?”

“ನಿಮಗೇನ್ ಗೊತ್ತಾಗತ್ತೆ, ಸುಮ್ನಿರಿ.”

“ನಿಮ್ಮಪ್ಪನೂ ಹಂಗೇ ಅಂತಿದ್ರು.”

ಅದು ನಿಜ. ಹಳೇ ಮೈಸೂರಿನ ಎಷ್ಟೋ ಜನರ ಹಾಗೆ ನಮ್ಮ ತಂದೆಗೂ ಏಕೀಕರಣ ಬೇಕಿರಲಿಲ್ಲ. ಇದೇ ಹನುಮಂತನಗರದ ಮನೆಯ ಜಗಲಿಯಲ್ಲಿ ಕೂತು, “ಅವರೆಲ್ಲ ಬಂದ್ರೆ ನಮ್ಮೂರು ನಮ್ದಾಗಿ ಉಳಿಯಲ್ಲ” ಎನ್ನುತ್ತಿದ್ದರಂತೆ. ಇವತ್ತು ಅವರ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಬಂತು.

ಮೇ ೨೧

ತಿಂಗಳಿಗೊಮ್ಮೆ ನಾವೆಲ್ಲ ಬರೆಯುವವರು ಜಯನಗರ ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸ್ ಹತ್ತಿರ ಒಂದು ಹೋಟೆಲಿನಲ್ಲಿ ಸೇರುತ್ತೇವೆ. ನಿರ್ವಾಹಕರಾದ ವೆಂಕಟಸ್ವಾಮಿ ಅವರು ಶ್ರೀನಗರದಿಂದ ಬರುತ್ತಾರೆ. ನಿವೃತ್ತ ಹೆಡ್‌ಮಾಸ್ಟರು. ವಿಶ್ವಕೋಶದಲ್ಲಿ ಜಗಳ ಬಿಡಿಸುವ, ಪುಟ ಅಳಿಸುವ ಅಧಿಕಾರ ಅವರದು. ಅವರ ಪಕ್ಕದ ಕುರ್ಚಿ ಎರಡು ವರ್ಷದಿಂದ ನನ್ನದು.

ಇವತ್ತು ಅದರಲ್ಲಿ ಮಧುಮತಿ ಕೂತಿದ್ದಳು. ಮೂವತ್ತರ ಆಸುಪಾಸು. ಗದಗದ ಕಡೆಯವಳು, ಬಿ.ಟಿ.ಎಂ. ಲೇಔಟ್‌ನಲ್ಲಿ ಬಾಡಿಗೆ ಮನೆ, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ನನ್ನನ್ನು ನೋಡಿದ ತಕ್ಷಣ ಎದ್ದು ನಿಂತಳು. ಎದ್ದವಳು ಕುರ್ಚಿಯನ್ನು ಬಿಟ್ಟುಕೊಡಬಹುದಿತ್ತು.

“ಮೇಡಂ, ನೀವು ಆಧಾರ ಕೇಳಿದ್ರಲ್ರಿ, ಎಲ್ಲಾ ತಂದೀನ್ರಿ.” ಚೀಲದಿಂದ ಜೆರಾಕ್ಸ್ ಕಟ್ಟು ತೆಗೆದಳು. ನಾನು ಅಂಟಿಸಿದ ಒಂದೊಂದು ಚೀಟಿಗೂ ಒಂದೊಂದು ಹಾಳೆ. ಹಳೆಯ ಪತ್ರಿಕೆಗಳು, ಪುಸ್ತಕದ ಪುಟಗಳು, ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಶನಿವಾರ ರಜೆ ಹಾಕಿ ಲೈಬ್ರರಿಯಲ್ಲಿ ಕೂತಿದ್ದಳಂತೆ.

“ನೋಡಿ ವಾರಿಜಾ ಮೇಡಂ, ಕೆಲ್ಸ ಅಂದ್ರೆ ಹಿಂಗಿರ್ಬೇಕು” ಎಂದರು ವೆಂಕಟಸ್ವಾಮಿ.

ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿದೆ. “ಜೆರಾಕ್ಸ್ ನಂಬಕ್ಕಾಗಲ್ಲ ಸಾರ್, ಮೂಲ ನೋಡ್ಬೇಕು” ಎಂದೆ. ಹೇಳಿದ ಮೇಲೆ ನನಗೇ ಅದು ಕುಂಟುನೆಪ ಅನ್ನಿಸಿತು. ಮಧುಮತಿ ಹಾಳೆಗಳನ್ನು ಮತ್ತೆ ಚೀಲದೊಳಗಿಟ್ಟಳು.

ಜೂನ್ ೯

ತಾನು ಸೇರಿಸಿದ್ದನ್ನೆಲ್ಲ ನನ್ನ ಪುಟದಿಂದ ಎತ್ತಿಕೊಂಡು, ಅದರ ಸಹವಾಸ ಬಿಟ್ಟು ಅವಳೇ ‘ಏಕೀಕರಣ ಚಳವಳಿ’ ಎಂದು ಬೇರೆ ಪುಟ ಶುರು ಮಾಡಿದ್ದಾಳೆ. ನನಗೆ ಸಂತೋಷವಾಗಬೇಕಿತ್ತು. ಅನ್ನಕ್ಕಿಟ್ಟು ಬಂದು ಓದಿದೆ, ಕುಕ್ಕರ್ ಕೂಗಿದ್ದು ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿದೆ.

ಇದು ನನ್ನ ಡೈರಿ, ನನಗೇನು ನಾಚಿಕೆ. ಹೊಟ್ಟೆ ಉರಿಯಿತು.

ಜುಲೈ ೨

ವೆಂಕಟಸ್ವಾಮಿ ಎಲ್ಲರಿಗೂ ತಿಳಿಸಿದ್ದಾರೆ. ಒಂದೇ ವಿಷಯಕ್ಕೆ ಎರಡು ಲೇಖನ ಇರುವಂತಿಲ್ಲ, ಬೆರೆಸಿ ಒಂದು ಮಾಡಬೇಕು. ಏಕೀಕರಣಕ್ಕೆ ಈ ನವೆಂಬರಿಗೆ ಐವತ್ತು ವರ್ಷ. ಒಂದಾದ ಲೇಖನ ನವೆಂಬರ್ ಒಂದಕ್ಕೆ ವಿಶ್ವಕೋಶದ ಮುಖಪುಟದಲ್ಲಿ ಬರುತ್ತದೆ. ಎರಡು ವರ್ಷ ನಾನು ಕಾದದ್ದು ಆ ದಿನಕ್ಕೇ.

ಬೆರೆಸುವುದರಲ್ಲಿ ಒಂದು ಕ್ರಮವಿದೆ. ಒಂದು ಪುಟ ಉಳಿಯುತ್ತದೆ. ಇನ್ನೊಂದು ಬರಿದಾಗಿ, ಅದನ್ನು ಹುಡುಕಿ ಬಂದವರನ್ನು ಉಳಿದ ಪುಟಕ್ಕೆ ಕಳಿಸುವ ಕೈಮರವಾಗುತ್ತದೆ. ಅದರ ಇತಿಹಾಸ ಅದರ ಜೊತೆಗೇ ಮೂಲೆ ಸೇರುತ್ತದೆ, ಯಾರೂ ನೋಡುವುದಿಲ್ಲ. ನನ್ನ ಪುಟ ಉಳಿದರೆ ತಳದ ಸಾಲು ನನ್ನದು. ಅವಳದು ಉಳಿದರೆ ಐವತ್ತನೇ ವರ್ಷದ ಲೇಖನ ಶುರು ಮಾಡಿದವಳು ಮಧುಮತಿ.

ಯಾವುದು ಉಳಿಯಬೇಕು ಎನ್ನುವುದಕ್ಕೆ ಸೆಪ್ಟೆಂಬರ್ ಕೊನೆಯವರೆಗೆ ಓಟು. ನಮ್ಮಲ್ಲಿ ಓಟು ಹಾಕುವವರು ಬೆರಳೆಣಿಕೆ. ಒಂದು ಓಟಿನಲ್ಲಿ ಆಟ ಮುಗಿಯಬಹುದು.

ಜುಲೈ ೩

ಮಧ್ಯಾಹ್ನ ಇವರು ಮಲಗಿದ್ದಾಗ ಇನ್ನೊಂದು ಖಾತೆ ತೆರೆದೆ. ಹೆಸರು ತಿಮ್ಮಕ್ಕ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆ ಸೊಪ್ಪು ತರುತ್ತಿದ್ದ ಹೆಂಗಸಿನ ಹೆಸರು, ಬೆರಳಿಗೆ ಅದೇ ಬಂತು.

ಒಬ್ಬರಿಗೆ ಒಂದೇ ಖಾತೆ, ಒಂದೇ ಓಟು ಎಂಬ ನಿಯಮ ನನಗೆ ಗೊತ್ತಿಲ್ಲದ್ದಲ್ಲ. ಆ ನಿಯಮದ ಪುಟವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳೇ ನಾನು.

ಜುಲೈ ೧೧

ಓಟು ಹಾಕಲು ಒಂದು ಖಾತೆಯಿಂದ ಕನಿಷ್ಠ ಐವತ್ತು ತಿದ್ದುಪಡಿಗಳಾಗಿರಬೇಕು. ತಿಮ್ಮಕ್ಕ ದುಡಿಯಲೇಬೇಕು. ಎಲ್ಲಿ ದುಡಿಯುವುದು? ಮಧುಮತಿಯ ಪುಟದಲ್ಲೇ. ಹುಳುಕು ಹುಡುಕಿದ ಹಾಗೂ ಆಯಿತು, ಲೆಕ್ಕ ತುಂಬಿದ ಹಾಗೂ ಆಯಿತು.

ಇವತ್ತು ಒಂದು ಸಿಕ್ಕಿತು. ರಾಜ್ಯಗಳ ಮರುವಿಂಗಡಣೆಯ ಆಯೋಗ ವರದಿ ಕೊಟ್ಟದ್ದು ೧೯೫೫ರಲ್ಲಿ, ಅವಳು ೧೯೫೬ ಎಂದಿದ್ದಳು. ಖುಷಿಯಿಂದ ಸರಿಮಾಡಿದೆ. ‘ತಿದ್ದಿದ್ದೇನೆ, ಬೇಸರ ಬೇಡ’ ಎಂದು ಹಾಕಿದೆ.

ಸಂಜೆಗೆ ತಿಮ್ಮಕ್ಕನ ಹೆಸರಿಗೆ ಸಂದೇಶ. “ಅಕ್ಕಾರ, ಸ್ವಾಗತ್ರಿ. ಆ ತಪ್ಪು ತಿಂಗಳಿಂದ ಹಂಗ ಕುಂತಿತ್ತು, ಯಾರೂ ನೋಡಿರಲಿಲ್ಲ. ನನ್ನ ಲೇಖನ ಯಾರೂ ಓದೂದಿಲ್ಲ ಅನಕೊಂಡು ಬಿಟ್ಟುಬಿಡೂಣ ಅಂತಿದ್ದೆ. ನೀವು ಓದೀರಿ. ಭಾಳ ಖುಷಿ ಆತು.”

ನನಗೆ ಮೇಡಂ. ನಿನ್ನೆ ಮೊನ್ನೆ ಬಂದ ತಿಮ್ಮಕ್ಕನಿಗೆ ಅಕ್ಕಾರ!

ಜುಲೈ ೨೯

ಡೈರಿ ಬರೆಯಲು ಪುರಸೊತ್ತಾಗಿಲ್ಲ. ಮಧುಮತಿ ತಿಮ್ಮಕ್ಕನಿಗೆ ಒಂದು ಕೆಲಸ ಒಪ್ಪಿಸಿದ್ದಾಳೆ. “ಹಳೇ ಮೈಸೂರಿನವ್ರು ಏಕೀಕರಣ ಯಾಕ ಬ್ಯಾಡಂದ್ರು ಅನ್ನೂದು ನನಗ ಬರಿಯಾಕ ಬರವಲ್ದು ಅಕ್ಕಾರ. ಬೈದಂಗ ಆಗ್ತೈತಿ. ನೀವು ಆ ಕಡೆಯವ್ರು ಅನಸ್ತೈತಿ. ನೀವ ಬರೀರಿ.”

ನನ್ನ ಪುಟದಲ್ಲಿ ಅದನ್ನು ಬರೆದಿದ್ದೇನಲ್ಲ, ಅದನ್ನೇ ಎತ್ತಿ ಹಾಕೋಣ ಎಂದು ತೆಗೆದೆ. ಓದಿದರೆ ವಕೀಲರ ವಾದದ ಹಾಗಿತ್ತು. ನಮ್ಮವರನ್ನು ಸಮರ್ಥಿಸುವುದು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಬೇರೆಯೇ ಬರೆದೆ. ಚಾಮರಾಜಪೇಟೆಯ ಲೈಬ್ರರಿಗೆ ಹೋಗಿ, ಧೂಳಿಗೆ ಸೀನುತ್ತ ಹಳೆಯ ಪತ್ರಿಕೆ ತಿರುವಿದೆ. ಬೇಡ ಎಂದವರ ಭಯ ಏನಿತ್ತು, ಬೇಕು ಎಂದವರು ಅದಕ್ಕೆ ಏನು ಉತ್ತರ ಕೊಟ್ಟರು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟೆ. ಅಪ್ಪ ಜಗಲಿಯಲ್ಲಿ ಆಡಿದ ಮಾತನ್ನೂ ಹಾಕಬೇಕೆನಿಸಿತು. ಅದಕ್ಕೆ ಆಧಾರ ಎಲ್ಲಿಂದ ತರಲಿ?

“ಏನೇ, ಅನ್ನ ಸಾರು ಅಂತ ಏನಾದ್ರೂ ಉಂಟಾ ಇವತ್ತು?” ಎಂದರು ಇವರು. ಎರಡು ಗಂಟೆಯಾಗಿತ್ತು.

ಆಗಸ್ಟ್ ೧೩

ಹೋಟೆಲಿನಲ್ಲಿ ಇವತ್ತು ಒಂದೇ ಮಾತು. ತಿಮ್ಮಕ್ಕ, ತಿಮ್ಮಕ್ಕ.

“ಯಾರ್ ಮೇಡಂ ಆಯಮ್ಮ? ಹಳೇ ಮೈಸೂರಿನ ಭಾಗ ಓದಿದ್ರಾ? ನಮ್ಮ ವಿಶ್ವಕೋಶದಲ್ಲಿ ಇಷ್ಟು ನ್ಯಾಯವಾಗಿ ಯಾರೂ ಬರ್ದಿಲ್ಲ” ಎಂದರು ವೆಂಕಟಸ್ವಾಮಿ.

“ಅಷ್ಟೇನೂ ವಿಶೇಷ ಕಾಣಲಿಲ್ಲ ನನಗೆ.”

“ಅಯ್ಯೋ, ಇನ್ನೊಂದ್ಸಲ ಓದಿ ಮೇಡಂ. ನಿಮಗೂ ಉಪಯೋಗ ಆಗತ್ತೆ.”

ನನಗೆ ಉಪಯೋಗ ಆಗುತ್ತದಂತೆ! ಮಧುಮತಿ ಕಣ್ಣರಳಿಸಿ, “ಅಕ್ಕಾರು ಮುಂದಿನ ಸಲ ಬರ್ತಾರೇನೋ, ನಾ ಕರದೀನ್ರಿ” ಎಂದಳು. ನಾನು ಬಂದಾಗ ಯಾರ ಕಣ್ಣೂ ಹಾಗೆ ಅರಳಿಲ್ಲ. ಎರಡು ವರ್ಷ ಈ ಮೇಜಿಗೆ ಬಂದು ಕೂತವಳು ನಾನು. ಮುಖವಿಲ್ಲದ ಒಬ್ಬಳು, ನೆಟ್ಟಗೆ ಆರು ವಾರವೂ ಆಗಿಲ್ಲ, ಎಲ್ಲರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾಳೆ. ಬಸ್ಸಿನಲ್ಲಿ ಬರುವಾಗ ನಾನು ಇಳಿಯಬೇಕಾದ ಆಶ್ರಮದ ಸ್ಟಾಪ್ ದಾಟಿದ್ದೇ ತಿಳಿಯಲಿಲ್ಲ. ಯೋಚಿಸಿದರೆ ಹುಚ್ಚು ಅನ್ನಿಸುತ್ತದೆ. ಆದರೂ ಕೋಪ ಇಳಿಯಲಿಲ್ಲ.

ಆಗಸ್ಟ್ ೨೦

ನಾಲ್ಕು ದಿನದ ಹಿಂದೆ ವಾರಿಜಾ ಆಗಿ ಹೋಗಿ ತಿಮ್ಮಕ್ಕ ಬರೆದ ಭಾಗದಲ್ಲಿ ಮೂರು ಕಡೆ ‘ಆಧಾರ ಬೇಕು’ ಅಂಟಿಸಿದೆ. ಮೂರಕ್ಕೂ ಆಧಾರ ನನ್ನ ಮೇಜಿನ ಮೇಲೇ ಇತ್ತು. ಅವಳೇ ಹುಡುಕಿಕೊಳ್ಳಲಿ ಎಂದು ಬಿಟ್ಟೆ.

ಅವಳು ಹುಡುಕಲಿಲ್ಲ, ಮಧುಮತಿ ಹುಡುಕಿದಳು. ಆಫೀಸು ಮುಗಿಸಿ ಬಿ.ಟಿ.ಎಂ.ನಿಂದ ಎರಡು ಬಸ್ಸು ಬದಲಿಸಿ ಚಾಮರಾಜಪೇಟೆಗೆ ಹೋಗಿ, ಮುಚ್ಚುವ ಹೊತ್ತಿಗೆ ಕಾಡಿಬೇಡಿ ಒಳಗೆ ಹೊಕ್ಕು, ಮೂರನ್ನೂ ತಂದಳಂತೆ. ತಿಮ್ಮಕ್ಕನಿಗಾಗಿ. ತಿಮ್ಮಕ್ಕನ ಹೆಸರಿಗೆ ಬರೆದಿದ್ದಾಳೆ, “ನೀವು ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಎಲ್ಲಾ ಹಾಕೀನಿ.”

ನನಗಾಗಿ ಯಾರಾದರೂ ಎರಡು ಬಸ್ಸು ಬದಲಿಸಿದ್ದಾರೆಯೇ?

ಮನಸ್ಸು ತಡೆಯಲಿಲ್ಲ. ತಿಮ್ಮಕ್ಕನಾಗಿ ಉತ್ತರ ಬರೆದೆ: “ಆ ವಾರಿಜಾ ಮಾತಿಗೆ ನೀವು ಬೆಲೆ ಕೊಡಬೇಡಿ. ಆಯಮ್ಮನಿಗೆ ಹೊಟ್ಟೆಕಿಚ್ಚು. ಯಾರು ಚೆನ್ನಾಗಿ ಬರೆದರೂ ಆಗುವುದಿಲ್ಲ. ಒಣ ಜಂಭ.” ಇನ್ನೂ ನಾಲ್ಕು ಸಾಲು ಸೇರಿಸಿದೆ. ಬರೆಯುತ್ತ ಹೋದ ಹಾಗೆ ಒಳ್ಳೊಳ್ಳೆಯ ಮಾತು ಸಿಕ್ಕವು. ಆಧಾರಕ್ಕೆ ಕೊರತೆ ಇರಲಿಲ್ಲ.

ಆಗಸ್ಟ್ ೨೩

ಉತ್ತರ ಬಂದಿದೆ. ಹಾಗೆಯೇ ಇಳಿಸಿಕೊಳ್ಳುತ್ತೇನೆ.

“ಹಂಗ ಅನಬ್ಯಾಡ್ರಿ ಅಕ್ಕಾರ. ನಾ ಬೆಂಗಳೂರಿಗೆ ಹೊಸದಾಗಿ ಬಂದಾಗ ಮಾತಾಡಾಕ ಯಾರೂ ಇದ್ದಿಲ್ಲ. ನಾ ಮಾತಾಡಿದ್ರ ಆಫೀಸಿನ್ಯಾಗ ನಗತಿದ್ರು. ಊಟದ ಹೊತ್ತಿನ್ಯಾಗ ಒಬ್ಬಾಕೀನ ಕಂಪ್ಯೂಟರ್ ಮುಂದ ಕುಂತು ಏನರ ಹುಡುಕತಿದ್ದೆ. ಕನ್ನಡದಾಗ ನನಗ ಸಿಕ್ಕ ಮೊದಲನೇ ಲೇಖನ ವಾರಿಜಾ ಮೇಡಂ ಅವರದು. ನಮ್ಮ ಗದಗಿನ ಹೆಸರು ಒಂದ ಕಡೆ ಇತ್ತು. ಅದನ್ನ ನಾಕ ಸಲ ಓದಿದೆ. ಅವರು ಶುರು ಮಾಡಿರಲಿಲ್ಲಂದ್ರ ನಾ ಒಂದ ಸಾಲೂ ಬರೀತಿದ್ದಿಲ್ಲ. ಅವರು ಆಧಾರ ಕೇಳಿ ಕೇಳಿನ ನನ್ನ ಬರವಣಿಗಿ ಗಟ್ಟಿ ಆಗೈತಿ. ಅವರಿಗೆ ನನ್ನ ಕಂಡ್ರ ಆಗೂದಿಲ್ಲ, ಖರೆ. ಆದ್ರ ಅವರ ಬಗ್ಗೆ ನನ್ನ ಮುಂದ ಹಂಗ ಅನಬ್ಯಾಡ್ರಿ.”

ತಿಮ್ಮಕ್ಕನಿಗೆ ಸರಿಯಾಗಿ ಬೈದಿದ್ದಾಳೆ. ಹಾಗೇ ಆಗಬೇಕು ಆ ಹೆಂಗಸಿಗೆ.

ನನ್ನ ಪುಟ ತೆಗೆದು ನೋಡಿದೆ. ಗದಗದ ಹೆಸರು ಒಂದೇ ಕಡೆ ಇದೆ, ಅದೂ ಬೇರೆ ಊರುಗಳ ಸಾಲಿನಲ್ಲಿ, ‘ಮುಂತಾದ’ ಎನ್ನುವುದರ ಹಿಂದೆ.

ಸೆಪ್ಟೆಂಬರ್ ೧೯

ತಿಮ್ಮಕ್ಕನ ಐವತ್ತು ಯಾವಾಗಲೋ ದಾಟಿಹೋಗಿದೆ. ಮೊನ್ನೆ ನೋಡಿದರೆ ಇನ್ನೂರರ ಹತ್ತಿರ ಇತ್ತು. ಯಾಕೆ ನಿಲ್ಲಿಸಲಿಲ್ಲವೋ ಗೊತ್ತಿಲ್ಲ.

ಸೆಪ್ಟೆಂಬರ್ ೩೦

ಓಟು ಇವತ್ತು ಮುಗಿಯುತ್ತದೆ. ಊಟವಾದ ಮೇಲೆ ನೋಡಿದೆ. ನನ್ನ ಪುಟ ಉಳಿಯಲಿ ಎಂದವರು ನಾಲ್ವರು, ಮಧುಮತಿಯ ಪುಟ ಉಳಿಯಲಿ ಎಂದವರು ನಾಲ್ವರು. ವೆಂಕಟಸ್ವಾಮಿ ನಿರ್ವಾಹಕರು, ಅವರು ಹಾಕುವುದಿಲ್ಲ. ಮಧುಮತಿಯೂ ಹಾಕಿಲ್ಲ. ‘ನನ್ನ ಪುಟಕ್ಕ ನಾನ ಹಾಕೂದು ಚಂದಲ್ಲ’ ಎಂದು ಬರೆದು ಸುಮ್ಮನಾಗಿದ್ದಾಳೆ. ಉಳಿದವರು ಇಬ್ಬರು, ವಾರಿಜಾ ಮತ್ತು ತಿಮ್ಮಕ್ಕ. ಇಬ್ಬರೂ ಹನುಮಂತನಗರದ ಈ ಕುರ್ಚಿಯಲ್ಲೇ ಕೂತಿದ್ದರು.

ವಾರಿಜಾ ಒಂದು ಹಾಕಿದರೂ ಸಾಕು, ಗೆಲುವು ನನ್ನದು. ಮೋಸವೇ ಬೇಕಿಲ್ಲ. ತಿಮ್ಮಕ್ಕನನ್ನು ಹುಟ್ಟಿಸಿದ್ದೇ ದಂಡ.

ಎರಡೂ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನನ್ನದರಲ್ಲಿ ಒಂದು ಊರಿನ ಜನ ಮಾತಾಡುತ್ತಾರೆ. ಅವಳದರಲ್ಲಿ ಎಲ್ಲರೂ ಮಾತಾಡುತ್ತಾರೆ, ನಮ್ಮಪ್ಪನಂಥವರು ಕೂಡ. ಅವರನ್ನು ಅಲ್ಲಿ ಕೂರಿಸಿದವಳು ತಿಮ್ಮಕ್ಕ. ಅವಳ ಮೇಲೆ ಎಷ್ಟು ಹೊಟ್ಟೆ ಉರಿಯಿತು ಎಂದರೆ ಎದ್ದು ಹೋಗಿ ನೀರು ಕುಡಿದು ಬಂದೆ. ಎಲ್ಲರ ಪ್ರೀತಿ ಅವಳಿಗೆ, ಒಳ್ಳೆಯ ಬರವಣಿಗೆ ಅವಳದು. ನನಗೆ ಉಳಿದದ್ದು ಚೀಟಿ ಅಂಟಿಸುವ ಕೆಲಸ.

ರಾಮಪ್ರಸಾದ್ ಎದ್ದು ಬಂದರು. “ಹಾಕಿದ್ಯಾ ಓಟು?”

“ಒಬ್ರಿಗೆ ಒಂದೇ ಅಲ್ವೇನ್ರೀ?”

“ಮತ್ತೆ? ಎರಡು ಹಾಕಕ್ಕೆ ನೀನೇನು ಇಬ್ರಾ?”

ವಾರಿಜಾ ಎಂಬ ಖಾತೆಯಿಂದ ಹೊರಗೆ ಬಂದೆ. ತಿಮ್ಮಕ್ಕನಾಗಿ ಒಳಗೆ ಹೋದೆ. ಮಧುಮತಿಯ ಪುಟ ಉಳಿಯಲಿ ಎಂದು ಬರೆದು, ಹೆಸರು ಹಾಕಿ, ಕಂಪ್ಯೂಟರ್ ಆರಿಸಿದೆ. ಓಟು ಒಂದೇ, ಓಟಿನ ನಿಯಮ ಮುರಿದಿಲ್ಲ.

“ಯಾರಿಗ್ ಹಾಕ್ದೆ?” ಎಂದರು.

“ಗುಟ್ಟಿನ ಮತದಾನ” ಎಂದೆ. ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ.

ನವೆಂಬರ್ ೧

ಮುಖಪುಟದಲ್ಲಿ ಬಂದಿದೆ. ‘ಇತಿಹಾಸ’ ಒತ್ತಿದೆ. ತಳದಲ್ಲಿ ಮಧುಮತಿ. ಮೇಲಕ್ಕೆ ಮಧುಮತಿ, ತಿಮ್ಮಕ್ಕ, ಮಧುಮತಿ, ತಿಮ್ಮಕ್ಕ, ತಿಮ್ಮಕ್ಕ. ನಡುವೆ ಮೂರು ಸಲ ವಾರಿಜಾ, ಮೂರೂ ಸಲ ‘ಆಧಾರ ಬೇಕು’.

ಹೊರಗೆ ಬೀದಿಯಲ್ಲಿ ಬಾವುಟ ಕಟ್ಟಿ ಮೈಕು ಹಾಕಿದ್ದಾರೆ. ಕಿವಿ ಕಿತ್ತುಹೋಗುತ್ತಿದೆ. ಕೇಸರಿಬಾತು ಮಾಡಿದ್ದೇನೆ.

ನವೆಂಬರ್ ೫

ಹೋಟೆಲಿನಲ್ಲಿ ಪುಟ್ಟ ಸಮಾರಂಭ. ವೆಂಕಟಸ್ವಾಮಿ ತಮ್ಮ ಕೈಯಿಂದ ಖರ್ಚು ಮಾಡಿ ಎರಡು ಪ್ರಶಸ್ತಿಪತ್ರ ಅಚ್ಚು ಹಾಕಿಸಿ ತಂದಿದ್ದರು. ಒಂದು ಮಧುಮತಿಗೆ, ಒಂದು ತಿಮ್ಮಕ್ಕನಿಗೆ. ತಿಮ್ಮಕ್ಕನಿಗೆಂದು ಒಂದು ಕುರ್ಚಿ ಖಾಲಿ ಬಿಟ್ಟಿದ್ದರು. ಅದು ವೆಂಕಟಸ್ವಾಮಿಯವರ ಪಕ್ಕದ ಕುರ್ಚಿ, ನನ್ನ ಹಳೆಯ ಕುರ್ಚಿ. ನಾನು ಎದುರುಗಡೆ ಕೂತು ಅದನ್ನೇ ನೋಡುತ್ತ ಕಾಫಿ ಕುಡಿದೆ.

ತುಂಬ ಹೊತ್ತು ಕಾದರು. “ಬರಲಿಲ್ಲವಲ್ಲಪ್ಪ ಆಯಮ್ಮ. ಇದನ್ನ ಏನ್ ಮಾಡೋದು?” ಎಂದು ವೆಂಕಟಸ್ವಾಮಿ ಪೇಚಾಡಿದರು.

“ನನ್ ಕಡೆ ಕೊಡ್ರಿ ಸರ್, ಮುಟ್ಟಸ್ತೀನಿ” ಎಂದಳು ಮಧುಮತಿ.

ಎಲ್ಲರೂ ಹೊರಟ ಮೇಲೆ ಬಸ್ ಸ್ಟಾಪಿನವರೆಗೆ ನನ್ನ ಜೊತೆ ನಡೆದು ಬಂದಳು. ನನ್ನ ಬಸ್ಸು ಬಂತು. ಹತ್ತುವ ಹೊತ್ತಿಗೆ ಆ ಪ್ರಶಸ್ತಿಪತ್ರವನ್ನು ನನ್ನ ಕೈಯಲ್ಲಿಟ್ಟಳು.

“ಅವರೂ ನಿಮ್ಮ ಹನುಮಂತನಗರದ ಕಡೇನ ಇರಬೇಕ್ರಿ. ಕೊಟ್ಟುಬಿಡ್ರಿ.”

“ನನಗೆ ಹೆಂಗೆ ಗೊತ್ತಿರತ್ತೆ ಅವರ ಮನೆ?” ಎಂದೆ.

“ಬ್ಯಾಸರ ಬ್ಯಾಡ್ರಿ” ಎಂದಳು. ನಕ್ಕಳು. ‘ತಿದ್ದಿದ್ದೇನೆ, ಬೇಸರ ಬೇಡ’ ಎಂದು ಈ ಊರಿನಲ್ಲಿ ಇಬ್ಬರು ಬರೆಯುವುದಿಲ್ಲ, ಅದು ಆಗ ಹೊಳೆಯಿತು. ಅವಳಿಗೆ ಗೊತ್ತು. ಮೊದಲ ದಿನದಿಂದಲೇ ಗೊತ್ತಿತ್ತೋ ಏನೋ. ಕಂಡಕ್ಟರ್ “ಹತ್ತಿ ಮೇಡಂ, ಹತ್ತಿ” ಎಂದು ಕೂಗುತ್ತಿದ್ದ.

“ಇನ್ನೊಂದು ಮಾತು ಹೇಳ್ರಿ ಅವರಿಗೆ” ಎಂದಳು ಕೆಳಗಿನಿಂದ. “ವಾರಿಜಾ ಅಕ್ಕಾರ ಮ್ಯಾಲೆ ಅಷ್ಟು ಸಿಟ್ಟು ಮಾಡಬ್ಯಾಡ್ರಿ ಅಂತ ಹೇಳ್ರಿ.”

ಮನೆಗೆ ಬಂದು ತಿಮ್ಮಕ್ಕನಿಗೆ ಹೇಳಿದೆ.